ಕಣ, ಕೋಶ, ಸೆಲ್ಲು

ಅನಾಟಮಿಯ ಮೊದಲನೇ ಪಾಠದ ದಿನ ನಾನು ನೋಟ್‌ಬುಕ್ಕಿನಲ್ಲಿ ರಾಗಿ ಕಣದ ಚಿತ್ರ ಬರೆದಿದ್ದೆ. ನಡುವೆ ಮೇಟಿ ಕಂಬ, ಸುತ್ತಲೂ ಎತ್ತು ತಿರುಗುವ ಗೆರೆ. ತಪ್ಪು ಪೂರ್ತಿ ನನ್ನದಲ್ಲ. ಮೇಡಂ ಬೋರ್ಡಿನ ಮೇಲೆ ದೊಡ್ಡದೊಂದು ದುಂಡು ಬರೆದು, ಅದರ ನಡುವೆ ಒಂದು ಚುಕ್ಕೆ ಇಟ್ಟು, ತೆಲುಗಿನಲ್ಲಿ "ಇದಿ ಕಣಂ" ಅಂದರು. ಆಂಧ್ರದೊಳಗೇ ಇದ್ದರೂ ಕನ್ನಡ ಮಾತಾಡುವ, ಮಡಕಶಿರಾ ಪಕ್ಕದ ಗುಡಿಬಂಡೆ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದ ನನಗೆ ಕಣ ಎಂದರೆ ಸಗಣಿ ಸಾರಿಸಿ ರಾಗಿ ಒಕ್ಕುವ ಜಾಗ. ಆಮೇಲೆ ಅವರು "ಕಣಜಾಲಂ" ಅಂದಾಗ, ಒಕ್ಕಿದ ರಾಗಿಯನ್ನು ತುಂಬುವ ಕಣಜವನ್ನೂ ಪಕ್ಕದಲ್ಲೇ ಬರೆದೆ. ಮನುಷ್ಯನ ಮೈಗೂ ರಾಗಿಗೂ ಏನೋ ಸಂಬಂಧ ಇರಬೇಕು, ಮುಂದೆ ಹೇಳುತ್ತಾರೆ ಎಂದುಕೊಂಡೆ. ಗಂಟೆ ಹೊಡೆಯಿತು. ಅವರು ಹೇಳಲಿಲ್ಲ. ತೆಲುಗಿನ ಕಣಂ ನಮ್ಮ ಜೀವಕೋಶ, ಕಣಜಾಲಂ ಅಂಗಾಂಶ ಎಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಆಗ ಅಮ್ಮ ಮತ್ತು ನಾನು ಆಂಧ್ರದ್ದೇ ಆದ ರಾಯದುರ್ಗಕ್ಕೆ ಬಂದು ಒಂದು ವರ್ಷ ದಾಟಿತ್ತು. ಅಪ್ಪ, ಅಜ್ಜಿ ಇಬ್ಬರೂ ಕುರಿ ಮತ್ತು ಹೊಲ ನೋಡಿಕೊಂಡು ಊರಲ್ಲೇ ಇದ್ದರು. ಅಮ್ಮ ಹಳ್ಳಿಯಲ್ಲಿ ಹೆಂಗಸರ ರವಿಕೆ ಹೊಲಿಯುತ್ತಿದ್ದವಳು. ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡುಗಳು ಒಂದರ ಹಿಂದೆ ಒಂದು ಏಳುತ್ತಿವೆ, ಅಲ್ಲಿ ಕರೆಂಟಿನ ಮಿಷನ್ ಇವೆ ಎಂದು ಯಾರೋ ಹೇಳಿದ್ದೇ ತಡ, ಅವಳಿಗೆ ಊರಲ್ಲಿ ಮನಸ್ಸು ನಿಲ್ಲಲಿಲ್ಲ. "ರವಿಕೆ ಹೊಲ್ದು ಹೊಲ್ದು ಬೇಜಾರಾಗೈತೆ. ದಪ್ಪ ಬಟ್ಟೆ ಹೊಲೀಬೇಕು ನಾನು" ಎಂದು ಅಪ್ಪನ ಹತ್ತಿರ ಹಠ ಹಿಡಿದಳು. ಅಪ್ಪ ನಾಲ್ಕು ದಿನ ಯೋಚನೆ ಮಾಡಿ, "ಹೋಗ್ಬಾ, ಆಗ್ದಿದ್ರೆ ವಾಪಸ್ ಬಾ" ಅಂದರು. ಮಡಕಶಿರಾದಲ್ಲಿ ಕನ್ನಡ ಮೀಡಿಯಮ್ಮಿನಲ್ಲಿ ಹತ್ತನೇ ತರಗತಿ ಮುಗಿಸಿದ್ದ ನನ್ನನ್ನೂ ಅಮ್ಮ ಜೊತೆಗೆ ಕರೆದುಕೊಂಡಳು.

ಮೊದಲ ವರ್ಷ ನಾನು ಅಮ್ಮನ ಶೆಡ್ಡಿನಲ್ಲೇ ದಾರ ಕತ್ತರಿಸುವ ಕೆಲಸ ಮಾಡಿದೆ. ಹೊಲಿದು ಬಂದ ಪ್ಯಾಂಟಿನ ಹೊಲಿಗೆಯ ತುದಿಗಳಲ್ಲಿ ನೇತಾಡುವ ದಾರ ಕತ್ತರಿಸಿ ಮಡಚಿ ಇಡುವುದು. ಹೊಸ ಬಟ್ಟೆಯ ನೀಲಿ ಕೈಗೆ ಹತ್ತಿ, ತಿಂಗಳುಗಟ್ಟಲೆ ನಮ್ಮಿಬ್ಬರ ಬೆರಳುಗಳೂ ನೀಲಿಯಾಗಿಯೇ ಇದ್ದವು. ಮರುವರ್ಷ ಜೂನ್ ಬಂದಾಗ ಅಮ್ಮ ನನ್ನ ಕೈಯಿಂದ ಕತ್ತರಿ ಕಿತ್ತುಕೊಂಡಳು. ಶೆಡ್ಡಿನಲ್ಲಿ ಜೊತೆಗಿದ್ದವರೊಬ್ಬರ ಮಗಳು ಆರೋಗ್ಯ ಕಾರ್ಯಕರ್ತೆಯ ಎರಡು ವರ್ಷದ ಕೋರ್ಸಿಗೆ ಸೇರಿದ್ದಳು. ಅಮ್ಮ ನನ್ನನ್ನೂ ಅಲ್ಲಿಗೇ ಸೇರಿಸಿಬಿಟ್ಟಳು.

ಪುಸ್ತಕ ಇಂಗ್ಲಿಷಿನಲ್ಲಿ, ಪಾಠ ತೆಲುಗಿನಲ್ಲಿ, ತಲೆ ಕನ್ನಡದಲ್ಲಿ. ಸಂತೆಯ ತೆಲುಗು, ಬಸ್ಸಿನ ತೆಲುಗು ನನಗೆ ನೀರು ಕುಡಿದಷ್ಟು ಸುಲಭ. ಆದರೆ ಪುಸ್ತಕದ ತೆಲುಗು ಬೇರೆಯೇ ಜಾತಿ. ಎರಡನೇ ವಾರ ಮೇಡಂ ಚೀಟಿಯ ಮೇಲೆ ಉತ್ತರ ಬರೆದು ಕೊಡುವ ಒಂದು ಸಣ್ಣ ಪರೀಕ್ಷೆ ಇಟ್ಟರು. ಟಿಶ್ಯೂ ಎಂದರೇನು? ಆ ಪದ ನನಗೆ ಗೊತ್ತಿತ್ತು. ಬಟ್ಟೆ ಅಂಗಡಿಯಲ್ಲಿ ಕೇಳಿದ್ದೆ. ಟಿಶ್ಯೂ ಎಂದರೆ ತೆಳ್ಳಗೆ, ಮಿರಮಿರ ಮಿಂಚುವ ಬಟ್ಟೆ, ಅದರಲ್ಲಿ ಮದುವೆ ಸೀರೆ ಬರುತ್ತದೆ ಎಂದು ನನ್ನ ಇಂಗ್ಲಿಷಿನಲ್ಲಿ ಒಂದೂವರೆ ಸಾಲು ಬರೆದೆ.

ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಹುಡುಗಿಯರೆಲ್ಲ ನಕ್ಕರು, ಮೇಡಂ ಕೂಡ ನಕ್ಕರು. ನಾನು ತಲೆ ತಗ್ಗಿಸಿಕೊಂಡು, ನಾಳೆಯಿಂದ ದಾರ ಕತ್ತರಿಸಲು ಹೋಗುವುದೇ ಸರಿ ಎಂದು ತೀರ್ಮಾನ ಮಾಡಿದೆ. ತರಗತಿ ಬಿಟ್ಟ ಮೇಲೆ ಅವರು ನನ್ನನ್ನು ನಿಲ್ಲಿಸಿಕೊಂಡರು. ಕರಾವಳಿ ಆಂಧ್ರದ ಕಡೆಯವರು, ಮೂವತ್ತರ ಆಸುಪಾಸು, ರಾಯದುರ್ಗಕ್ಕೆ ಬಂದು ಆರೇ ತಿಂಗಳಾಗಿತ್ತು. ನನ್ನ ನೋಟ್‌ಬುಕ್ಕು ತಿರುವಿ ಹಾಕಿ, ಮೇಟಿ ಕಂಬದ ಚಿತ್ರದ ಮೇಲೆ ಬೆರಳಿಟ್ಟು ಇದೇನು ಎಂದು ತೆಲುಗಿನಲ್ಲಿ ಕೇಳಿದರು. ಹೇಳಿದೆ. ಈ ಸಲ ಅವರು ನಗಲಿಲ್ಲ.

"ನೀನು ಯಾವ ಮೀಡಿಯಂ?"

"ಕನ್ನಡ, ಮೇಡಂ."

ಅವರು ನೋಟ್‌ಬುಕ್ಕು ಮುಚ್ಚಿ ನನ್ನ ಕೈಗೆ ಕೊಟ್ಟರು. ಆಮೇಲೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ಇಲ್ಲಿನ ಆಸ್ಪತ್ರೆಗೆ ಬರುವವರಲ್ಲಿ ಅರ್ಧ ಜನ ಕನ್ನಡದಲ್ಲೇ ಮಾತಾಡುತ್ತಾರೆ. ನನಗೆ ಕನ್ನಡ ಬರುವುದಿಲ್ಲ. ನೀನು ಒಂದು ನೋಟ್‌ಬುಕ್ಕು ಮಾಡು. ಇಂಗ್ಲಿಷ್ ಮಾತು, ತೆಲುಗು ಮಾತು ನಾನು ಕೊಡುತ್ತೇನೆ. ಕನ್ನಡದ ಮಾತು ನೀನು ಹುಡುಕಿಕೊಂಡು ಬಾ. ಶನಿವಾರ ಶನಿವಾರ ನನಗೆ ಓದಿ ಹೇಳಬೇಕು."

ಕನ್ನಡದ ಮಾತು ನನ್ನ ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿತ್ತು, ಪುಸ್ತಕ ಊರಲ್ಲಿತ್ತು. ಎಸ್‌ಟಿಡಿ ಬೂತಿನಿಂದ ಊರಿನ ಅಂಗಡಿಗೆ ಫೋನು ಮಾಡಿ ಅಪ್ಪನಿಗೆ ಸುದ್ದಿ ಮುಟ್ಟಿಸಿದೆ. ಮುಂದಿನ ಭಾನುವಾರ ಅಪ್ಪ ಎರಡು ಬಸ್ಸು ಬದಲಿಸಿ, ರಾಗಿ ಹಿಟ್ಟಿನ ಚೀಲದೊಳಗೆ ಪುಸ್ತಕ ಇಟ್ಟುಕೊಂಡು ಬಂದರು. ಅಪ್ಪನಿಗೆ ಓದು ಬರಹ ಬಾರದು. ಯಾವ ಪುಸ್ತಕವೆಂದು ತಿಳಿಯದೆ ಮನೆಯಲ್ಲಿದ್ದ ಮೂರನ್ನೂ ಹೊತ್ತು ತಂದಿದ್ದರು. ವಿಜ್ಞಾನದ್ದಕ್ಕೆ ರಟ್ಟು ಇರಲಿಲ್ಲ. ಅಜ್ಜಿ ಅದನ್ನು ಹರಿದು ಎಲೆಅಡಿಕೆ ಇಟ್ಟುಕೊಳ್ಳಲು ಬಳಸಿದ್ದಳು.

"ಒಳಗಡೆ ಹಾಳೆ ಹರ್ಯಕ್ಕೆ ಬಿಡ್ಲಿಲ್ಲ ನಾನು. ಸಾಕೇನಮ್ಮ ಇಷ್ಟು?" ಅಂದರು.

ಸಾಕಾಗಿತ್ತು. ಜೀವಕೋಶ, ಅಂಗಾಂಶ, ಕೋಶಪೊರೆ, ಕೋಶಕೇಂದ್ರ ಎಲ್ಲ ಅಲ್ಲಿದ್ದವು. ಅನುಲೇಪಕ, ಸಂಯೋಜಕ, ಸ್ನಾಯು, ನರ ಎಂದು ನಾಲ್ಕು ಬಗೆಯ ಅಂಗಾಂಶಗಳೂ ಇದ್ದವು. ಒಂದು ಕಾಲದಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಪದಗಳು. ಆದರೆ ಬರೆಯುತ್ತಾ ಹೋದಂತೆ ಅವು ಅಮ್ಮನಿಗಾಗಲಿ ಅಪ್ಪನಿಗಾಗಲಿ ಅರ್ಥವಾಗುವ ಮಾತುಗಳಲ್ಲ ಅನ್ನಿಸಿತು. ಅನುಲೇಪಕ ಅಂಗಾಂಶ ಎಂದರೆ ಕನ್ನಡವೇ ಹೌದು, ನಮ್ಮ ವಠಾರದಲ್ಲಿ ಹೇಳಿದರೆ ಯಾರೂ ತಿರುಗಿ ನೋಡುವುದಿಲ್ಲ. ಹಾಗಾಗಿ ಮೂರು ಕಾಲಮ್ಮಿನ ಪಕ್ಕ ನಾಲ್ಕನೆಯದೊಂದು ಗೆರೆ ಎಳೆದು, ಮೇಲೆ 'ಮನೆ ಮಾತು' ಎಂದು ಬರೆದೆ.

ಆ ಕಾಲಮ್ಮು ತುಂಬಿಸಿದವರು ಮನೆಯವರೇ. ಅಪ್ಪನಿಗೆ ಕುರಿಯ ಮೈ ಒಳಗಿನದೆಲ್ಲ ಗೊತ್ತು. ತೊಗಲು, ಕೊಬ್ಬು, ಕಂಡ, ಎಲುಬು, ಎಲುಬಿನ ತುದಿಯಲ್ಲಿ ಹಲ್ಲಿಗೆ ಕರಂಕುರಂ ಅನ್ನುವ ಮೆದು ಎಲುಬು ಎಂದು ಒಂದೊಂದಾಗಿ ಹೇಳುತ್ತಾ ಹೋದರು. ರಕ್ತವೂ ಒಂದು ಅಂಗಾಂಶ, ಎಲುಬು ಕೊಬ್ಬುಗಳ ಗುಂಪಿಗೇ ಸೇರಿದ್ದು ಎಂದು ನಾನು ಓದಿದಾಗ ಮಾತ್ರ ಅವರು ಒಪ್ಪಲಿಲ್ಲ. "ರಕ್ತ ಹರಿಯೋದು, ಎಲುಬು ನಿಲ್ಲೋದು. ಎರಡೂ ಒಂದೇ ಗುಂಪು ಅಂತ ಯಾರು ಬರ್ದಿದ್ದು?" ರಕ್ತದಲ್ಲೂ ಕೋಶಗಳಿವೆ, ಅವುಗಳ ನಡುವೆ ತುಂಬಿರುವ ವಸ್ತು ಇಲ್ಲಿ ನೀರಾಗಿದೆ, ಎಲುಬಿನಲ್ಲಿ ಗಟ್ಟಿಯಾಗಿದೆ ಎಂದು ವಿವರಿಸಿದೆ. ವಿವರಿಸುತ್ತಿರುವಾಗಲೇ ಅದು ಮೊದಲ ಸಲ ನನಗೂ ಅರ್ಥವಾಯಿತು. ಅಪ್ಪ ಗಡ್ಡ ಕೆರೆದುಕೊಂಡು "ಹಂಗೋ" ಅಂದರು.

ಅಮ್ಮನ ತಕರಾರು ಸೆಲ್ಲಿನ ಮೇಲೆ. ನಮ್ಮ ಮೈಯಲ್ಲಿ ಲೆಕ್ಕವಿಲ್ಲದಷ್ಟು ಸೆಲ್ಲುಗಳಿವೆ ಎಂದಾಗ ಅವಳು ಕೈಯಲ್ಲಿದ್ದ ಮುದ್ದೆ ಕೋಲು ಹಾಗೇ ಹಿಡಿದು ನಿಂತಳು. "ಬ್ಯಾಟ್ರಿಗೆ ಹಾಕ್ತೀವಲ್ಲ, ಆ ಸೆಲ್ಲಾ?" ಮೊಬೈಲ್ ಫೋನಿಗೂ ಜನ ಆಗತಾನೆ ಸೆಲ್ಲು ಎನ್ನಲು ಶುರುಮಾಡಿದ್ದರಿಂದ ಗೊಂದಲ ಇನ್ನೂ ಹೆಚ್ಚಾಯಿತು. ಕೊನೆಗೆ ಕೋಶಪೊರೆ ಎಂಬ ಪದ ಅವಳ ಕೈಗೆ ಸಿಕ್ಕಿತು. ಹುಡುಗಿಯಾಗಿದ್ದಾಗ ತವರಿನಲ್ಲಿ ರೇಷ್ಮೆ ಹುಳು ಸಾಕಿದವಳು. ಹುಳು ಪೊರೆ ಬಿಡುವುದನ್ನು ಎಷ್ಟೋ ಸಲ ನೋಡಿದ್ದಳು. "ಪೊರೆ ಅಂದ್ರೆ ಗೊತ್ತಾಯ್ತು ಬಿಡು. ತೆಳ್ಳಗೆ, ಒಳಗಿರೋದನ್ನ ಕಾಯ್ಕೊಂಡಿರ್ತದೆ" ಅಂದಳು. ಅದನ್ನೇ ಬರೆದುಕೊಂಡೆ.

ತುಂಬ ಕಾಡಿದ ಪದ ನರ. ನಮ್ಮ ಮಾತಿನಲ್ಲಿ ಕೈಮೇಲೆ ಹಸಿರಾಗಿ ಕಾಣುವುದೂ ನರ, ಹಿಮ್ಮಡಿಯ ಹಿಂದೆ ಹಗ್ಗದಂತೆ ಬಿಗಿದಿರುವುದೂ ನರ, ಕತ್ತು ಉಳುಕಿದರೂ ನರ ಹಿಡಿದಿದೆ ಅನ್ನುತ್ತೇವೆ. ಪುಸ್ತಕದಲ್ಲಿ ಅವು ಮೂರೂ ಬೇರೆ ಬೇರೆ. ಒಂದು ರಕ್ತನಾಳ, ಒಂದು ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿ, ಇನ್ನೊಂದು ಬರೀ ಸ್ನಾಯು. ಮೆದುಳಿನ ಸುದ್ದಿ ಹೊತ್ತು ಓಡಾಡುವ ನಿಜವಾದ ನರ ಇವುಗಳಲ್ಲಿ ಯಾವುದೂ ಅಲ್ಲ. ಶನಿವಾರ ಇದನ್ನು ಹೇಳಿದಾಗ ಮೇಡಂ ಪೆನ್ನು ತೆಗೆದು ತಮ್ಮ ಪುಸ್ತಕದಲ್ಲೂ ಬರೆದುಕೊಂಡರು. "ಯಾರಾದರೂ ನರ ನೋವು ಅಂದರೆ, ಎಲ್ಲಿ ಅಂತ ಕೈಯಿಟ್ಟು ತೋರಿಸಲು ಹೇಳಬೇಕು. ಅಲ್ಲವಾ?" ಅಂದರು. ಪಾಠ ಹೇಳುವವರೊಬ್ಬರು ನನ್ನಿಂದ ಏನನ್ನಾದರೂ ಬರೆದುಕೊಂಡಿದ್ದು ಅದೇ ಮೊದಲು. ಆ ಸಂಜೆ ನಾನು ಮನೆಗೆ ನಡೆದು ಬರಲಿಲ್ಲ, ಓಡಿ ಬಂದೆ.

ದಸರಾ ರಜೆ ಹತ್ತಿರವಿದ್ದಾಗ ಶೆಡ್ಡಿನಲ್ಲಿ ಒಂದು ಅವಘಡವಾಯಿತು. ನಮ್ಮ ಪಕ್ಕದ ಕೋಣೆಯಲ್ಲಿದ್ದ ಅತ್ತೆ ಅದೇ ಶೆಡ್ಡಿನಲ್ಲಿ ಇಸ್ತ್ರಿ ಮಾಡುತ್ತಿದ್ದರು. ಐವತ್ತು ದಾಟಿದ, ರಾಯದುರ್ಗದಲ್ಲೇ ಹುಟ್ಟಿದ ಹೆಂಗಸು. ನೆಂಟಸ್ತನ ಇರಲಿಲ್ಲ, ಕರೆದು ಕರೆದು ಅತ್ತೆಯಾಗಿದ್ದರು. ನಾನು ಮಧ್ಯಾಹ್ನ ಅಮ್ಮನಿಗೆ ಊಟ ಕೊಡಲು ಹೋಗಿದ್ದೆ. ಇಸ್ತ್ರಿ ಪೆಟ್ಟಿಗೆಯ ಹಬೆ ಒಮ್ಮೆಗೇ ಬುಸ್ಸೆಂದು ಅತ್ತೆಯ ಮುಂಗೈ ಮೇಲೆ ನುಗ್ಗಿತು. ಅವರು ಕೂಗಿಕೊಂಡ ಸದ್ದಿಗೆ ಮಿಷನ್ನುಗಳೆಲ್ಲ ನಿಂತವು. ಒಬ್ಬರು ಹಲ್ಲುಜ್ಜುವ ಪೇಸ್ಟು ತಂದರು, ಇನ್ನೊಬ್ಬರು ಹಿಟ್ಟು ಹಚ್ಚಿ ಅಂದರು.

"ಏನೂ ಹಚ್ಚಬೇಡಿ!" ಎಂದು ನಾನು ಕೂಗಿದೆ. ಅಷ್ಟು ಜನರ ನಡುವೆ ನನ್ನ ದನಿ ಅಷ್ಟು ಜೋರಾಗಿ ಎದ್ದಿದ್ದು ನನಗೇ ಆಶ್ಚರ್ಯ. ಅತ್ತೆಯನ್ನು ನಲ್ಲಿಯ ಹತ್ತಿರ ಕೂರಿಸಿ, ಬಳೆ ತೆಗೆಸಿ, ಕೈ ಮೇಲೆ ತಣ್ಣೀರು ಬಿಟ್ಟೆ.

"ಸಾಕು ಬಿಡವಾ, ಏನಾಗಂಗಿಲ್ಲ. ಎಷ್ಟೊತ್ತು ನೀರು ಬಿಡ್ತಿ?" ಎಂದು ಅತ್ತೆ ಹಲ್ಲು ಕಚ್ಚಿಕೊಂಡು ಹೇಳಿದರು.

"ಇಪ್ಪತ್ತು ನಿಮಿಷ, ಅತ್ತೆ. ಮೇಲೆ ಸುಟ್ಟಿದ್ದು ಕಾಣ್ತದೆ, ಒಳಗಿನ ಬಿಸಿ ಕಾಣಲ್ಲ. ಅದು ಇಳೀಬೇಕು."

ಆಮೇಲೆ ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ನೋಡಿ, ಚರ್ಮದ ಕೆಳಪದರ ಪೂರ್ತಿ ಹೋಗಿಲ್ಲ, ಗುಣವಾಗುತ್ತದೆ ಎಂದು ಕಟ್ಟು ಹಾಕಿಸಿದರು. ಎರಡು ದಿನಕ್ಕೊಮ್ಮೆ ಕಟ್ಟು ಬದಲಿಸಲು ನಾನೇ ಅತ್ತೆಯ ಜೊತೆ ಹೋದೆ. ನರ್ಸಮ್ಮ ಕಟ್ಟು ಬಿಚ್ಚಿದಾಗ ಮುಖ ತಿರುಗಿಸಿಕೊಳ್ಳದೆ ನೋಡುವುದನ್ನು ಕಲಿತೆ. ಮೊದಲು ಬರೀ ಹಸಿ ಕೆಂಪು. ಹತ್ತು ದಿನದ ಹೊತ್ತಿಗೆ ಗಾಯದ ಅಂಚಿನಿಂದ ಒಳಮುಖವಾಗಿ, ಕೂದಲಿನ ಬುಡದ ಚುಕ್ಕಿ ಚುಕ್ಕಿಯಿಂದಲೂ, ತೆಳ್ಳನೆಯ ಗುಲಾಬಿ ಪದರ ಹಬ್ಬತೊಡಗಿತು. ಉಳಿದ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ, ಬರಿದಾದ ಜಾಗದ ಮೇಲೆ ಸರಿದು ಮುಚ್ಚುತ್ತಿವೆ ಎಂದು ಅತ್ತೆಗೆ ಹೇಳಿದೆ.

ಅತ್ತೆ ತಮ್ಮ ಕೈಯನ್ನು ಬೆಳಕಿಗೆ ಹಿಡಿದು ನೋಡಿಕೊಂಡರು. "ನಾ ಏನೂ ಮಾಡಿಲ್ಲ, ಸುಮ್ಮ ಕುಂತೀನಿ. ಅವು ತಮ್ಮಷ್ಟಕ್ಕ ತಾವು ಕೆಲಸ ಮಾಡಕತ್ತಾವು ಅಂತೀಯಾ?"

"ಹೂಂ, ಅತ್ತೆ."

"ಯಾರೂ ಹೇಳದs?"

"ಯಾರೂ ಹೇಳದೆ."

"ಭಾಳ ನಿಯತ್ತಿನವು ಬಿಡು" ಅಂದರು.

ಅನುಲೇಪಕ ಅಂಗಾಂಶದ ಮುಂದಿನ ನಾಲ್ಕನೇ ಕಾಲಮ್ಮಿನಲ್ಲಿ ಅವತ್ತು 'ಹೊದಿಕೆ' ಎಂದು ಬರೆದೆ. ಮೈ ಹೊರಗಿನ ಹೊದಿಕೆ, ಬಾಯಿ ಹೊಟ್ಟೆಗಳ ಒಳಗಿನ ಹೊದಿಕೆ. ಅತ್ತೆಗೆ ಪೂರ್ತಿ ವಾಸಿಯಾಗಲು ಒಂದು ತಿಂಗಳು ಹಿಡಿಯಿತು. ಬಣ್ಣ ಮಾತ್ರ ಬೇರೆಯಾಗಿ ಉಳಿಯಿತು.

ಸಂಕ್ರಾಂತಿ ಕಳೆದ ಮೇಲೆ ಕಾಲೇಜಿನಲ್ಲಿ ತಂದೆತಾಯಿಯರ ಸಭೆ ಕರೆದರು. ಅಮ್ಮ ರಜೆ ಹಾಕಿ, ಪೆಟ್ಟಿಗೆಯಲ್ಲಿದ್ದ ಒಳ್ಳೆ ಸೀರೆ ಉಟ್ಟು, ಜೊತೆಗೆ ಅತ್ತೆಯನ್ನೂ ಹೊರಡಿಸಿಕೊಂಡು ಬಂದಳು. ನನ್ನ ಮಾರ್ಕ್ಸು ಪರವಾಗಿಲ್ಲ ಎಂಬ ಮಟ್ಟಕ್ಕೆ ಏರಿತ್ತು. ಮೇಡಂ ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಅಮ್ಮ ತನ್ನ ತೆಲುಗಿನಲ್ಲಿ, ಈ ಹುಡುಗಿ ಏಳು ತಿಂಗಳಿಂದ ಸೆಲ್ಲು ಸೆಲ್ಲು ಅನ್ನುತ್ತಾಳೆ, ಒಂದನ್ನಾದರೂ ನನಗೆ ತೋರಿಸುತ್ತೀರಾ ಎಂದು ಕೇಳಿಬಿಟ್ಟಳು. ನನಗೆ ನಾಚಿಕೆಯಾಗಿ ನೆಲ ನೋಡಿದೆ. ಮೇಡಂ ಒಂದು ಕ್ಷಣವೂ ಯೋಚಿಸದೆ ಎದ್ದು, ಬನ್ನಿ ಎಂದು ಲ್ಯಾಬಿನ ಬೀಗ ತೆಗೆದರು.

ಮೈಕ್ರೋಸ್ಕೋಪು ಇದ್ದಿದ್ದು ಒಂದೇ. ಕಿಟಕಿಯ ಬೆಳಕಿಗೆ ಅದನ್ನು ಇಟ್ಟು ಮೇಡಂ ನನಗೆ "ನೀನೇ ಮಾಡು" ಅಂದರು. ಅಮ್ಮನ ಕೈಗೆ ಹಲ್ಲುಕಡ್ಡಿ ಕೊಟ್ಟು, ಕೆನ್ನೆಯ ಒಳಭಾಗವನ್ನು ಮೆತ್ತಗೆ ಕೆರೆದುಕೊಳ್ಳಲು ಹೇಳಿದೆ. ಅದನ್ನು ಗಾಜಿನ ಪಟ್ಟಿಯ ಮೇಲೆ ಸವರಿ, ಒಂದು ಹನಿ ನೀಲಿ ಬಣ್ಣ ಬಿಟ್ಟು, ಮೇಲೊಂದು ತೆಳು ಗಾಜು ಮುಚ್ಚಿದೆ. ತಿರುಪು ತಿರುಗಿಸಿ, ಕಾಣಿಸಿದ ಮೇಲೆ ಅಮ್ಮನನ್ನು ಕರೆದೆ.

ಅಮ್ಮ ಸೆರಗು ಸರಿಮಾಡಿಕೊಂಡು ಬಗ್ಗಿದಳು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಗಾಜಿಗೆ ತಾಗಿಸಿದಳು.

"ಏನು ಕಾಣ್ತದಮ್ಮ?"

"ತೆಳ್ಳಗೆ, ಮಡಿಕೆ ಮಡಿಕೆ ಬಿದ್ದಂಗೆ. ಒಂದ್ರ ಮೇಲೊಂದು ಬಿದ್ಕೊಂಡವೆ. ಒಂದೊಂದ್ರಾಗೂ ನಡುವೆ ಕಪ್ಪು ಚುಕ್ಕಿ ಐತೆ."

"ಅದೇ ಕೋಶಕೇಂದ್ರ. ಮೇಲಿಂದ ಮುಚ್ಚಿರೋದು ಪೊರೆ."

"ಇವು ನನ್ನವೇ? ನನ್ ಬಾಯೊಳಗಿಂದಾನೇ ಬಂದ್ವಾ?"

"ನಿನ್ನವೇ."

ಅವಳು ತಲೆ ಎತ್ತಲಿಲ್ಲ. ಕಣ್ಣನ್ನು ಅಲ್ಲೇ ಇಟ್ಟುಕೊಂಡು, ತನಗೆ ತಾನೇ ಹೇಳಿಕೊಳ್ಳುವ ಹಾಗೆ ಅಂದಳು: "ಇಷ್ಟು ಚೆನ್ನಾಗಿ ಏನನ್ನಾದ್ರೂ ನೋಡಿ ಒಂದ್ ವರ್ಷಾನೇ ಆಯ್ತು."

ನನಗೆ ಮೊದಲು ಅರ್ಥವಾಗಲಿಲ್ಲ. ಅತ್ತೆ ಮಾತ್ರ ಥಟ್ಟನೆ ಅಮ್ಮನ ಕಡೆ ನೋಡಿದರು. ಆಮೇಲೆ ಅವರೇ ಬಾಯಿ ಬಿಟ್ಟರು. "ಹೇಳಿಬಿಡವಾ, ಯಾಕ ಮುಚ್ಚಿಡ್ತಿ? ಮೇಡಂರ, ಇಕಿಗೆ ಸೂಜಿ ಕಣ್ಣು ಕಾಣಂಗಿಲ್ರಿ. ದಿನಾ ಮುಂಜಾನೆ ನಾನs ದಾರ ಪೋಣಿಸಿ ಕೊಡ್ತೀನ್ರಿ. ಹೊಲಿಗಿ ಅಂದಾಜಿನ ಮ್ಯಾಲ ಹೊಡಿತಾಳ. ಮಾಲಕಗ ಗೊತ್ತಾದ್ರ ಮಿಷನ್ ಬಿಡಿಸ್ತಾನಂತ ಹೆದರ್ಯಾಳ್ರಿ."

ವರ್ಷವಿಡೀ ಒಂದೇ ಕೋಣೆಯಲ್ಲಿ ಮಲಗಿದ್ದೆ, ಒಂದೇ ತಟ್ಟೆಯ ಮುಂದೆ ಕೂತು ಮೈಯೊಳಗಿನದನ್ನೆಲ್ಲ ಅವಳಿಗೆ ಓದಿ ಹೇಳಿದ್ದೆ. ಅವಳ ಕಣ್ಣು ಮಂಜಾಗಿರುವುದು ನನಗೆ ಗೊತ್ತಿರಲಿಲ್ಲ. ಅಳು ಬಂತು. ಅಮ್ಮನಿಗೂ ಬಂತು, ಆದರೆ ಅವಳು ಗಾಜಿಗೆ ಕಣ್ಣೀರು ಬೀಳದಂತೆ ಪಕ್ಕಕ್ಕೆ ಸರಿದು ಒರೆಸಿಕೊಂಡಳು.

ಅತ್ತೆಯ ಮಾತನ್ನು ನಾನು ತೆಲುಗಿನಲ್ಲಿ ತಿಳಿಸಿದ ಮೇಲೆ ಮೇಡಂ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದರು. ಒಂದು ಪುಸ್ತಕ ಹಿಡಿದು ಹತ್ತಿರ ತಂದರು, ದೂರ ಒಯ್ದರು, ಎಲ್ಲಿ ಕಾಣುತ್ತದೆ ಎಂದು ಕೇಳಿದರು. ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದು ಕಲಸಿ ಹೋಗುತ್ತಿತ್ತು. "ಇದು ರೋಗವಲ್ಲಮ್ಮ. ಕಣ್ಣೊಳಗೆ ಒಂದು ಮಸೂರ ಇರುತ್ತದೆ. ನಲವತ್ತು ದಾಟಿದ ಮೇಲೆ ಅದು ಬಿಗಿಯಾಗುತ್ತದೆ, ಹತ್ತಿರದ್ದನ್ನು ನೋಡಲು ಬಾಗುವುದಿಲ್ಲ. ಎಲ್ಲರಿಗೂ ಆಗುತ್ತದೆ, ಮುಂದೆ ನನಗೂ ಆಗುತ್ತದೆ. ಕಣ್ಣು ಪರೀಕ್ಷೆ ಮಾಡಿಸಿ ಕನ್ನಡಕ ಹಾಕಿಕೊಂಡರೆ ಸೂಜಿಯ ಕಣ್ಣೂ ಕಾಣುತ್ತದೆ" ಅಂದರು.

"ಅಷ್ಟೇನಾ?" ಅಂದಳು ಅಮ್ಮ.

"ಅಷ್ಟೇ."

ಅಮ್ಮ ನಗಲು ಶುರುಮಾಡಿದಳು. ಒಂದು ವರ್ಷದ ಹೆದರಿಕೆಯೆಲ್ಲ ನಗುವಾಗಿ ಹೊರಗೆ ಬಂದಂತಿತ್ತು. ಅತ್ತೆಗೂ ತಮ್ಮ ಸರದಿ ಬೇಕಿತ್ತು. ತಮ್ಮ ಕೆನ್ನೆಯ ಕೋಶಗಳನ್ನು ನೋಡಿ, ಅಮ್ಮನದಕ್ಕಿಂತ ತಮ್ಮವೇ ದೊಡ್ಡವು ಎಂದು ವಾದಿಸಿದರು. ಮೇಡಂ ಅವರ ಮುಂಗೈಯ ಹೊಸ ಚರ್ಮ ನೋಡಿ, ಹೊರಗೆ ನಿಂತಿದ್ದ ಹುಡುಗಿಯರನ್ನೂ ಒಳಗೆ ಕರೆದರು. ಅತ್ತೆ ಕೈ ಚಾಚಿ, "ನೋಡ್ರವಾ, ನೀರು ಬಿಡ್ರಿ ಮೊದಲು, ಪೇಸ್ಟು ಹಚ್ಚಬ್ಯಾಡ್ರಿ" ಎಂದು ಅವತ್ತಿನ ಪಾಠ ತಾವೇ ಮಾಡಿದರು.

ಮರುವಾರವೇ ಅಮ್ಮನಿಗೆ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಶೆಡ್ಡಿಗೆ ಹೋದ ಮೊದಲ ದಿನ ಮಾಲೀಕರು ಏನೂ ಅನ್ನಲಿಲ್ಲ. ಆಕೆಯ ಹೊಲಿಗೆ ಈಗ ಇನ್ನೂ ನೇರ ಬರುತ್ತಿದೆ ಎಂದು ತಿಂಗಳಾದ ಮೇಲೆ ಅಂದರಂತೆ. ಶೆಡ್ಡಿನಲ್ಲಿ ಇನ್ನೂ ನಾಲ್ಕು ಜನ ಹೆಂಗಸರು ಅಂದಾಜಿನ ಮೇಲೆ ಹೊಲಿಯುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಅಮ್ಮನ ಮೂಗಿನ ಮೇಲೆ ಕನ್ನಡಕ ಕಂಡ ಮೇಲೆ ಅವರೂ ಒಬ್ಬೊಬ್ಬರಾಗಿ ಕಣ್ಣು ತೋರಿಸಲು ಹೋದರು. ಇಬ್ಬರನ್ನು ನಾನೇ ಕರೆದುಕೊಂಡು ಹೋಗಿದ್ದೆ.

ಎರಡನೇ ವರ್ಷದ ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು, ಗಾಯದ ಮೇಲೆ ಹೊಸ ಚರ್ಮ ಹೇಗೆ ಬರುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಪದಗಳನ್ನು ಇಂಗ್ಲಿಷಿನಲ್ಲಿ, ಉಳಿದದ್ದನ್ನು ತೆಲುಗಿನಲ್ಲಿ, ತಡವರಿಸಿದ ಕಡೆ ಕನ್ನಡದಲ್ಲಿ ಹೇಳಿದೆ. ಅವರು ತಲೆಯಾಡಿಸಿ, ಮುಂದಿನವಳನ್ನು ಕಳಿಸು ಅಂದರು. ಪಾಸಾದೆ.

ಕೆಲಸ ಸಿಕ್ಕಿದ್ದು ಮಡಕಶಿರಾ ಕಡೆ, ನಮ್ಮೂರಿನಿಂದ ಆಟೋದಲ್ಲಿ ಹೋಗಿ ಬರುವಷ್ಟು ಹತ್ತಿರದ ಒಂದು ಆರೋಗ್ಯ ಉಪಕೇಂದ್ರದಲ್ಲಿ. ಆದೇಶದ ಕಾಗದ ಬಂದ ದಿನ ಅಪ್ಪ ಊರಿನಿಂದ ಬಂದಿದ್ದರು. ಇನ್ನೇನು, ಇಬ್ಬರೂ ಗಂಟು ಕಟ್ಟಿ, ಎಲ್ಲರೂ ಒಟ್ಟಿಗೆ ಇರೋಣ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಅಮ್ಮ ಒಪ್ಪಲಿಲ್ಲ. "ಅವ್ಳು ಹೋಗ್ಲಿ. ನಾನು ಈಗ ಬರಾಕಿಲ್ಲ. ಹೊಸ ಮಿಷನ್ ಬಂದವೆ, ಆರು ಜನ ಹೊಸ ಹುಡ್ಗೀರು ಸೇರವ್ರೆ. ಅವ್ರಿಗೆ ಜೇಬು ಕೂರ್ಸೋದು ನಾನೇ ಹೇಳ್ಕೊಡ್ಬೇಕು ಅಂದವ್ರೆ."

"ಎಷ್ಟು ದಿನ?" ಎಂದು ಅಪ್ಪ ಕೇಳಿದರು.

"ಅವ್ರು ಕಲ್ಯೋಗಂಟ" ಅಂದಳು ಅಮ್ಮ. ಅಪ್ಪ ಅವಳ ಮುಖವನ್ನೊಮ್ಮೆ ನೋಡಿದರು. ಹಾಗಾದರೆ ತಿಂಗಳಿಗೊಮ್ಮೆ ತಾವೇ ಹಿಟ್ಟು ತಂದುಕೊಡುವುದಾಗಿ ಹೇಳಿ, ಸಂಜೆ ಬಸ್ಸಿಗೆ ನನ್ನ ಟ್ರಂಕು ಎತ್ತಿಕೊಂಡರು.